ಇಎನ್‌ಡಿಎಫ್-6 ಸಾಕಾ, ಜಿಎನ್‌ಡಿಎಸ್ ಕಲಿಯಬೇಕಾ?

ಎರಡೂ ನ್ಯೂಕ್ಲಿಯರ್ ಡೇಟಾ, ಅಂದರೆ ಪರಮಾಣು ಬೀಜಗಳ ಕ್ರಿಯೆಗಳ ಅಂಕಿಅಂಶ ಬರೆದಿಡುವ ಫೈಲ್ ಫಾರ್ಮ್ಯಾಟ್‌ಗಳು; ಮೊದಲನೆಯದು ಹಳೆಯದು, ಎರಡನೆಯದು ಹೊಸದು. ಇಎನ್‌ಡಿಎಫ್-6ರದು ಪಂಚ್ ಕಾರ್ಡ್ ಕಾಲದ ಅಳತೆ. ಸಾಲಿಗೆ 80 ಅಕ್ಷರ, ಒಂದೊಂದು ಸಂಖ್ಯೆಗೆ 11 ಅಕ್ಷರದ ಜಾಗ. ಜಾಗ ಉಳಿಸಲು ಘಾತದ 'ಇ' ಅಕ್ಷರವನ್ನೇ ಬಿಟ್ಟು 1.234567+6 ಅಂತ ಬರೆದಿರುತ್ತಾರೆ, ಇದನ್ನು ಪೈಥಾನ್‌ನಲ್ಲಿ ಸುಮ್ನೆ ಫ್ಲೋಟ್ ಮಾಡಲು ಹೋದರೆ ಎರರ್ ಬರುತ್ತದೆ. ಯುರೇನಿಯಂ ವಿದಳನದ ಅಡ್ಡಕೊಯ್ತ (ಕ್ರಾಸ್ ಸೆಕ್ಷನ್, ಅಂದರೆ ಆ ಕ್ರಿಯೆ ನಡೆಯುವ ಸಾಧ್ಯತೆಯ ಅಳತೆ) ಬೇಕಾದರೆ ಎಂಎಫ್ 3 (ಡೇಟಾದ ಬಗೆ), ಎಂಟಿ 18 (ಕ್ರಿಯೆಯ ಬಗೆ) ಅಂತ ನೆನಪಿಟ್ಟುಕೊಳ್ಳಬೇಕು. ಆದರೆ ಈ ಡೇಟಾವನ್ನು ಲೆಕ್ಕಕ್ಕೆ ಸಜ್ಜುಗೊಳಿಸುವ ಎನ್‌ಜಾಯ್‌ನಂಥ ಹಳೆಯ, ನಂಬಿಕಸ್ಥ ಕೋಡ್‌ಗಳು ಬೆಳೆದದ್ದು ಇದರ ಮೇಲೆಯೇ.

ಜಿಎನ್‌ಡಿಎಸ್‌ನಲ್ಲಿ ಹೆಸರು, ಯೂನಿಟ್ ಎರಡೂ ಡೇಟಾ ಜೊತೆಗೇ ಇರುತ್ತವೆ. ಎಕ್ಸ್‌ಎಂಎಲ್ ಫೈಲ್ ತೆರೆದರೆ ಯಾವುದು ಏನು ಅಂತ ಕಣ್ಣಿಗೇ ಕಾಣುತ್ತದೆ. ಓದುವ ಸಾಧನಗಳು ಮಾತ್ರ ಕಡಿಮೆ, ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದ ಫಡ್ಜ್ ಸಾಫ್ಟ್‌ವೇರ್‌ನಿಂದ ಶುರುಮಾಡಿ.

ಅಮೆರಿಕದ ನ್ಯೂಕ್ಲಿಯರ್ ಡೇಟಾ ಸಂಗ್ರಹ, 2018ರ ಇಎನ್‌ಡಿಎಫ್/ಬಿ-8.0, ಎರಡೂ ಫಾರ್ಮ್ಯಾಟ್‌ಗಳಲ್ಲಿ ಬಂದಿದೆ. ನಾಳೆಯೇ ರಿಯಾಕ್ಟರ್ ಲೆಕ್ಕ ಬೇಕಾ? ಹಳೆಯದನ್ನೇ ಹಿಡಿಯಿರಿ. ಜಾಸ್ತಿ ವರ್ಷ ಬಾಳುವ ಡೇಟಾಬೇಸ್ ಕಟ್ಟುತ್ತಿದ್ದರೆ ಜಿಎನ್‌ಡಿಎಸ್ ಕಲಿಯಿರಿ, ನನ್ನ ಒಲವು ಅದಕ್ಕೇ.