ನಿವೃತ್ತ ಸಹಪಾಠಿಗಳ ಬಳಗಕ್ಕೆ ವಾಟ್ಸ್‌ಆ್ಯಪ್ ಗ್ರೂಪ್: ಸುದ್ದಿ ತಲುಪುತ್ತದೆ, ಉಳಿಯುವುದಿಲ್ಲ

ಕಾಲೇಜು ಬಿಟ್ಟು ನಲವತ್ತು ವರ್ಷ ದಾಟಿದ ಮೇಲೆ ಚದುರಿಹೋದ ಸಹಪಾಠಿಗಳನ್ನು ಒಂದೆಡೆ ಸೇರಿಸಲು ಇಂದು ಬಹುಪಾಲು ಜನ ಆಯ್ದುಕೊಳ್ಳುವ ಸಾಧನ ವಾಟ್ಸ್‌ಆ್ಯಪ್ ಗ್ರೂಪ್. ಎಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಪದವಿ ಪಡೆದ ನಮ್ಮ ಬ್ಯಾಚಿನವರೂ ಅದನ್ನೇ ನೆಚ್ಚಿಕೊಂಡಿದ್ದೇವೆ. ಕೆಇಬಿಗೆ, ಎಂದರೆ ರಾಜ್ಯದ ವಿದ್ಯುತ್ ಮಂಡಳಿಗೆ ಸೇರಿ, 1999ರಲ್ಲಿ ಅದು ಕೆಪಿಟಿಸಿಎಲ್ ನಿಗಮವಾದ ಮೇಲೂ ಅಲ್ಲಿಯೇ ಮುಂದುವರಿದು ಅರವತ್ತಕ್ಕೆ ನಿವೃತ್ತರಾದವರು, ಎಚ್‌ಎಎಲ್, ಬಿಇಎಲ್‌ಗಳಲ್ಲಿ ಸೇವೆ ಮುಗಿಸಿ ಈಗ ಖಾಸಗಿ ಕಂಪನಿಗಳಿಗೆ ಸಲಹೆಗಾರರಾಗಿರುವವರು, ವಿದ್ಯುತ್ ಉಪಕರಣಗಳ ಕಾರ್ಖಾನೆ ಎನ್‌ಜಿಇಎಫ್ ಬಾಗಿಲು ಮುಚ್ಚಿದಾಗ ನಡುವಯಸ್ಸಿನಲ್ಲಿ ಬೇರೆ ದಾರಿ ಹುಡುಕಿಕೊಂಡವರು, ಪಾಲಿಟೆಕ್ನಿಕ್‌ಗಳಲ್ಲಿ ಪಾಠ ಮಾಡಿದವರು, ಅಮೆರಿಕದಲ್ಲಿ ನೆಲೆ ನಿಂತವರು, ಹೀಗೆ ಎಲ್ಲ ಬಗೆಯವರೂ ಇದರಲ್ಲಿದ್ದಾರೆ. ಆ್ಯಪ್‌ನ ಎಲ್ಲ ಸೌಲಭ್ಯಗಳನ್ನು ಅಳೆಯುವುದು ನನ್ನ ಉದ್ದೇಶವಲ್ಲ. ನಿವೃತ್ತಿಯ ನಂತರದ ಬದುಕಿನ ಸಮಾಚಾರ ಒಬ್ಬರಿಂದ ಇನ್ನೊಬ್ಬರಿಗೆ ತಲುಪುತ್ತದೆಯೇ, ತಲುಪಿದ್ದು ಅಲ್ಲಿ ಉಳಿಯುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ತಲುಪಿಸುವ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. 2009ರಲ್ಲಿ ಆರಂಭವಾದ ಈ ಸೇವೆ ಈಗ ಎಲ್ಲರ ಫೋನಿನಲ್ಲೂ ಇರುವುದರಿಂದ ಯಾರಿಗೂ ಹೊಸದಾಗಿ ಖಾತೆ ತೆರೆಸಬೇಕಿಲ್ಲ, ಪಾಸ್‌ವರ್ಡ್ ನೆನಪಿಸಬೇಕಿಲ್ಲ. ಒಂದು ಮೊಬೈಲ್ ನಂಬರ್ ಸಿಕ್ಕರೆ ಸಾಕು. ಒಂದು ಗ್ರೂಪಿನಲ್ಲಿ 1024 ಮಂದಿ ಇರಬಹುದು, ಯಾವ ಬ್ಯಾಚಿಗೂ ಅಷ್ಟು ಬೇಕಾಗುವುದಿಲ್ಲ. ವಿಡಿಯೊ ಕರೆಯಲ್ಲಿ 32 ಜನ ಒಟ್ಟಿಗೆ ಸೇರಬಹುದು. ಇಲ್ಲಿ ಬೆಳಿಗ್ಗೆ ಏಳೂವರೆಗೆ ಕಾಫಿ ಲೋಟ ಹಿಡಿದು ಕುಳಿತರೆ ಕ್ಯಾಲಿಫೋರ್ನಿಯಾದವರಿಗೆ ಅದು ಹಿಂದಿನ ದಿನದ ಸಂಜೆ, ಇಬ್ಬರಿಗೂ ನಿದ್ದೆಗೆಡುವ ಕಷ್ಟವಿಲ್ಲ. ಪುನರ್ಮಿಲನಕ್ಕೆ ದಿನ ಗೊತ್ತು ಮಾಡಲು 'ಪೋಲ್' ಎಂಬ ಮತದಾನದ ಸೌಲಭ್ಯವೂ ಚೆನ್ನಾಗಿ ಒದಗುತ್ತದೆ, ಆದರೆ ಮತ ಹಾಕಿದವರೆಲ್ಲ ಬಂದೇ ಬರುತ್ತಾರೆಂಬ ಭರವಸೆಯನ್ನು ಯಾವ ಆ್ಯಪ್ ಕೂಡ ಕೊಡಲಾರದು.

ಗ್ರೂಪಿನ ನಿಜವಾದ ಉಪಯೋಗ ಕಾಣಬೇಕಾದರೆ ನವೆಂಬರ್ ತಿಂಗಳಲ್ಲಿ ನೋಡಬೇಕು. ಪಿಂಚಣಿದಾರರು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಾದ ತಿಂಗಳು ಅದು. 2014ರಲ್ಲಿ ಬಂದ ಜೀವನ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆಯಲ್ಲಿ ಮೊದಲು ಬೆರಳಚ್ಚನ್ನೋ ಕಣ್ಣಿನ ಪಾಪೆಯ ಗುರುತನ್ನೋ ಕೊಡಬೇಕಿತ್ತು. ವಯಸ್ಸಾದಂತೆ ರೇಖೆ ಸವೆದ ಬೆರಳನ್ನು ಯಂತ್ರ ಒಪ್ಪದೆ ಅನೇಕರು ಪೇಚಾಡಿದ್ದರು. 2021ರಿಂದ ಮುಖ ತೋರಿಸಿದರೂ ಆಗುತ್ತದೆ. ಕನ್ನಡಕ ತೆಗೆಯಬೇಕು, ಕಿಟಕಿಗೆ ಬೆನ್ನು ಹಾಕಿ ಕೂರಬಾರದು, ಸೂಚನೆ ಬಂದಾಗ ಕಣ್ಣು ಮಿಟುಕಿಸಬೇಕು ಎಂದು ಒಬ್ಬ ಗೆಳೆಯ ತನ್ನ ಫೋನಿನ ಪರದೆಯ ಚಿತ್ರಗಳೊಂದಿಗೆ ಬರೆದ ವಿವರಣೆ ಎಷ್ಟೋ ಮಂದಿಗೆ ಬ್ಯಾಂಕಿನ ಸರದಿಯನ್ನು ತಪ್ಪಿಸಿತು. ಭವಿಷ್ಯ ನಿಧಿಯ ನೌಕರರ ಪಿಂಚಣಿ ಯೋಜನೆಯಾದ ಇಪಿಎಸ್-95ರ ಹೆಚ್ಚಿನ ಪಿಂಚಣಿಯ ಬಗ್ಗೆ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟ ಮೇಲೆ, ಅರ್ಜಿಯ ಕೊನೆಯ ದಿನ ಮುಂದೆ ಮುಂದೆ ಹೋಗಿ 2023ರ ಜುಲೈ 11ಕ್ಕೆ ನಿಲ್ಲುವವರೆಗೂ ಸಾರ್ವಜನಿಕ ಉದ್ದಿಮೆಗಳಲ್ಲಿದ್ದ ನಮ್ಮವರು ಒಬ್ಬರಿಗೊಬ್ಬರು ಲೆಕ್ಕ ಹಾಕಿಕೊಟ್ಟದ್ದೂ ಇಲ್ಲಿಯೇ. ಇಂಥ ತುರ್ತಿನ, ಚುಟುಕಾದ, ಎಲ್ಲರಿಗೂ ಒಂದೇ ಆದ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ಧ್ವನಿ ಸಂದೇಶಕ್ಕೂ ಪೂರ್ಣ ಅಂಕ ಕೊಡುತ್ತೇನೆ. ಪೊರೆಯ ಶಸ್ತ್ರಚಿಕಿತ್ಸೆ ಆದವರಿಗೆ, ಕೈ ನಡುಗುವವರಿಗೆ, ಕನ್ನಡ ಕೀಲಿಮಣೆಗೆ ಒಗ್ಗಿಕೊಳ್ಳದವರಿಗೆ ಇದೇ ಲೇಖನಿ. "ಲೋ, ನಾನು ಕಣೋ, ಗುರುತು ಸಿಕ್ತೇನೋ?" ಎಂದು ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿದ್ದವನು ಹುಬ್ಬಳ್ಳಿಯಿಂದ ಕೇಳಿದಾಗ, ಅವನ ತಲೆ ಪೂರ್ತಿ ನರೆತ ಫೋಟೊದಲ್ಲಿ ಸಿಗದ ಗುರುತು ಆ ದನಿಯಲ್ಲಿ ತಟ್ಟನೆ ಸಿಕ್ಕಿತ್ತು. ಕೇಳುವ ವೇಗವನ್ನು ಒಂದೂವರೆ ಪಟ್ಟು, ಎರಡು ಪಟ್ಟು ಹೆಚ್ಚಿಸಿಕೊಳ್ಳುವ ಸೌಲಭ್ಯವಿದೆ. ಕೆಲವು ಗೆಳೆಯರ ಮಟ್ಟಿಗೆ ಅದು ವರದಾನ.

ತೊಡಕು ಆರಂಭವಾಗುವುದು ಯಾರಾದರೂ ತಮ್ಮ ಬದುಕನ್ನು ಸ್ವಲ್ಪ ವಿಸ್ತಾರವಾಗಿ ಹೇಳಹೊರಟಾಗ. ಕೆಪಿಟಿಸಿಎಲ್‌ನಿಂದ ನಿವೃತ್ತನಾಗಿ ತಿಪಟೂರಿನ ಬಳಿಯ ಊರಿಗೆ ಮರಳಿ ತೆಂಗಿನ ತೋಟ ನೋಡಿಕೊಳ್ಳುತ್ತಿರುವ ಗೆಳೆಯನೊಬ್ಬ ಒಂದು ಭಾನುವಾರ ದೀರ್ಘವಾಗಿ ಬರೆದ. ಸೇವೆಯಲ್ಲಿದ್ದಷ್ಟು ಕಾಲವೂ ಪಂಪ್‌ಸೆಟ್‌ಗಳಿಗೆ ದಿನಕ್ಕೆ ಏಳು ಗಂಟೆಯ ತ್ರೀ ಫೇಸ್ ವಿದ್ಯುತ್ ಹಂಚಿಕೆಯ ವೇಳಾಪಟ್ಟಿಯನ್ನು ಸಮರ್ಥಿಸಿಕೊಂಡವನು ಈಗ ಅದೇ ವಿದ್ಯುತ್ ಬಂತೆಂದು ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಹಾವಿನ ಭಯದಲ್ಲಿ ಸ್ಟಾರ್ಟರ್ ಗುಂಡಿ ಒತ್ತಲು ಹೋಗುವುದನ್ನು, ಲೈನ್‌ಮನ್‌ಗೆ ಫೋನ್ ಮಾಡಿದರೆ ಆತ ಹಳೆಯ ಗೌರವಕ್ಕೆ "ಸಾರ್" ಎಂದು ಕರೆದೂ ಅದೇ ಹಳೆಯ ಉತ್ತರ ಕೊಡುವುದನ್ನು, ನುಸಿ ಹತ್ತಿದ ಗೊನೆಗಳನ್ನು, ಪಟ್ಟಣದ ಮನೆ ಬಿಟ್ಟುಬರಲು ಹೆಂಡತಿ ಮೊದಲು ಒಪ್ಪದೆ ಈಗ ತೋಟ ಬಿಟ್ಟು ಕದಲದಿರುವುದನ್ನು ಬರೆದಿದ್ದ. ನಮ್ಮ ಬ್ಯಾಚಿನಿಂದ ಬಂದ ಅತ್ಯುತ್ತಮ ಬರಹ ಅದು. ಪರದೆಯ ಮೇಲೆ ಕಂಡದ್ದು ಮೊದಲ ಕೆಲವು ಸಾಲು, ಕೆಳಗೆ 'ಇನ್ನಷ್ಟು ಓದಿ'. ಅರ್ಧ ಗಂಟೆಯೊಳಗೆ ಅದರ ಕೆಳಗೆ ಎರಡು ಹುಟ್ಟುಹಬ್ಬದ ಕೇಕು, ಒಂದು ಶುಭೋದಯದ ಗುಲಾಬಿ, ಮಧುಮೇಹಕ್ಕೆ ಬೆಂಡೆಕಾಯಿ ನೀರಿನ ಮಹಿಮೆ ಬಂದು ಕುಳಿತವು. ಸಂಜೆ ಗ್ರೂಪ್ ತೆರೆದವರಿಗೆ ಅದು ಕಾಣಿಸಲೇ ಇಲ್ಲ. ಯಾರ ಅನಾದರವೂ ಇದಕ್ಕೆ ಕಾರಣವಲ್ಲ. ಹೊಸದು ಬಂದಂತೆ ಹಳೆಯದನ್ನು ಮೇಲಕ್ಕೆ ತಳ್ಳುತ್ತಾ ಹೋಗುವ ರಚನೆಯಲ್ಲಿ ಬೆಂಡೆಕಾಯಿಗೂ ಬದುಕಿನ ವೃತ್ತಾಂತಕ್ಕೂ ಒಂದೇ ಸ್ಥಾನ.

ಇದಕ್ಕೆ ಆ್ಯಪ್‌ನಲ್ಲಿ ಇರುವ ಪರಿಹಾರಗಳು ಅರೆಬರೆ. ಒಂದು ಸಂದೇಶವನ್ನು ಮೇಲೆ 'ಪಿನ್' ಮಾಡಬಹುದು, ಆದರೆ ಹಾಗೆ ಇಡಲು ಸಾಧ್ಯವಿರುವುದು ಮೂರನ್ನು ಮಾತ್ರ, ಅದೂ ಹೆಚ್ಚೆಂದರೆ 30 ದಿನ. ನಕ್ಷತ್ರದ ಗುರುತು ಹಾಕಿಟ್ಟುಕೊಂಡರೆ ಅದು ಹಾಕಿದವರಿಗಷ್ಟೇ ಕಾಣುತ್ತದೆ. ಹುಡುಕಬಹುದು ನಿಜ, ಆದರೆ ಹುಡುಕಲು ಯಾವ ಪದ ಬಳಸಿದ್ದರೆಂಬ ನೆನಪು ಬೇಕು. ನಮ್ಮಲ್ಲಿ ಅರ್ಧದಷ್ಟು ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಅದೂ ತಮಗೆ ತೋಚಿದ ಕಾಗುಣಿತದಲ್ಲಿ ಬರೆಯುವುದರಿಂದ ಹುಡುಕಾಟ ಫಲಿಸುವುದು ಅಪರೂಪ.

ಗದ್ದಲ ತಗ್ಗಿಸುವ ಅಧಿಕಾರವನ್ನು ಅಡ್ಮಿನ್‌ಗೆ ಸಾಕಷ್ಟು ಕೊಟ್ಟಿದ್ದಾರೆ. ಇತರರ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸಬಹುದು, ಅಡ್ಮಿನ್ ಹೊರತು ಬೇರೆಯವರು ಬರೆಯದಂತೆ ತಡೆಯಬಹುದು. ಆದರೆ ಒಂದೇ ಬೆಂಚಿನಲ್ಲಿ ಕುಳಿತವನ ಸಂದೇಶವನ್ನು ಅಳಿಸಲು ಯಾವ ಅಡ್ಮಿನ್‌ಗೆ ಮನಸ್ಸು ಬರುತ್ತದೆ? 2022ರಿಂದ ಗ್ರೂಪ್ ಬಿಟ್ಟವರ ಸುದ್ದಿ ಅಡ್ಮಿನ್‌ಗೆ ಮಾತ್ರ ತಿಳಿಯುತ್ತದೆ. ಚುನಾವಣೆಯ ದಿನಗಳಲ್ಲಿ ಮಾತಿಗೆ ಮಾತು ಬೆಳೆದು ಮೌನವಾಗಿ ಹೊರನಡೆದವರನ್ನು ಅದು ಮುಜುಗರದಿಂದ ಕಾಪಾಡುತ್ತದೆ, ಆದರೆ "ಯಾಕೋ ಬಿಟ್ಟೆ, ವಾಪಸ್ ಬಾ" ಎಂದು ಫೋನ್ ಮಾಡಬಹುದಾಗಿದ್ದ ಹತ್ತು ಮಂದಿಗೆ ವಿಷಯವೇ ತಿಳಿಯುವುದಿಲ್ಲ. ಆಮೇಲೆ ನೋಡಿದರೆ, ಹಾಗೆ ಬಿಟ್ಟವರ ಹೆಸರು ಪಟ್ಟಿಯಲ್ಲಿ 60 ದಿನ ಇರುತ್ತದೆ. ಗ್ರೂಪಿನ ಮಾಹಿತಿಯನ್ನು ಕೊನೆಯವರೆಗೆ ಸರಿಸಿ ನೋಡುವ ಅಭ್ಯಾಸ ಎಷ್ಟು ಜನರಿಗಿದೆಯೋ ಕಾಣೆ.

ಸಾವಿನ ಸುದ್ದಿಯನ್ನು ಈ ಸಾಧನ ನಿಭಾಯಿಸುವ ರೀತಿ ನನಗೆ ಸ್ವಲ್ಪವೂ ಹಿಡಿಸಿಲ್ಲ. ನಮ್ಮ ವಯಸ್ಸಿನ ಗ್ರೂಪಿನಲ್ಲಿ ಇದು ಬಾರದೆ ಇರುವ ವಿಷಯವಲ್ಲ. ಒಂದರ ಕೆಳಗೊಂದು 'ಓಂ ಶಾಂತಿ' ಬೀಳುತ್ತಿರುವಾಗಲೇ ಸುದ್ದಿ ಓದದ ಯಾರೋ ಒಬ್ಬರು ಮೊಮ್ಮಗುವಿನ ನಾಮಕರಣದ ಫೋಟೊ ಹಾಕುತ್ತಾರೆ. ಅದಕ್ಕೆ ಅಭಿನಂದಿಸಬೇಕೋ ಬೇಡವೋ ಎಂದು ಉಳಿದವರು ತಡವರಿಸುತ್ತಾರೆ. ಅಗಲಿದವರ ಬಗ್ಗೆ ಗೆಳೆಯರು ಬರೆದ ನೆನಪುಗಳನ್ನು ಅವರ ಮಕ್ಕಳಿಗೆ ಕಳುಹಿಸೋಣವೆಂದರೆ ಒಂದೊಂದನ್ನೇ ಹೆಕ್ಕಿ ತೆಗೆಯಬೇಕು.

ಖರ್ಚಿನ ಮಾತೂ ಇದೆ. ಸೇವೆ ಉಚಿತವಾದರೂ ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಕಪ್ ಈಗ ಗೂಗಲ್ ಖಾತೆಯ 15 ಜಿಬಿ ಉಚಿತ ಜಾಗದಲ್ಲಿಯೇ ಹಿಡಿಸಬೇಕು. ಶುಭೋದಯದ ವಿಡಿಯೊಗಳು ತುಂಬಿದ ಗ್ರೂಪಿಗೆ ಆ ಜಾಗ ಬೇಗ ಸಾಲದಾಗುತ್ತದೆ. ಚಿತ್ರ, ವಿಡಿಯೊ ತಾವಾಗಿಯೇ ಇಳಿಯದಂತೆ ಮೊದಲ ದಿನವೇ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಸಂದೇಶಗಳು ನಿಗದಿತ ದಿನಗಳ ನಂತರ ಮಾಯವಾಗುವ ಆಯ್ಕೆಯನ್ನು ಗ್ರೂಪಿನ ಸದಸ್ಯರು ಬದಲಿಸದಂತೆ ಅಡ್ಮಿನ್ ಬೀಗ ಹಾಕುವುದೂ ಅಗತ್ಯ.

ಬದಲಿ ಸಾಧನಗಳಲ್ಲಿ ಟೆಲಿಗ್ರಾಂ ತಾಂತ್ರಿಕವಾಗಿ ಮೇಲು: ತಡವಾಗಿ ಸೇರಿದವರಿಗೂ ಹಳೆಯ ಸಂದೇಶಗಳು ಕಾಣುವಂತೆ ಅಲ್ಲಿ ವ್ಯವಸ್ಥೆ ಮಾಡಬಹುದು. ಫೇಸ್‌ಬುಕ್ ಗ್ರೂಪಿನಲ್ಲಿ ಪ್ರತಿ ಬರಹಕ್ಕೂ ಅದರದೇ ಪುಟವಿದ್ದು ಪ್ರತಿಕ್ರಿಯೆಗಳು ಅದರ ಕೆಳಗೇ ಸೇರುತ್ತವೆ. ಎರಡಕ್ಕೂ ನಮ್ಮವರನ್ನು ಕರೆದೊಯ್ಯುವುದು ಮಾತ್ರ ಆಗದ ಕೆಲಸ. ಕೊನೆಗೆ ನಮಗೆ ಒದಗಿದ್ದು ಹಳೆಯ ಇ-ಮೇಲ್. ತಿಂಗಳಿಗೊಬ್ಬರು ಸರದಿಯಂತೆ ತಮ್ಮ ವೃತ್ತಾಂತವನ್ನು ಒಂದೆರಡು ಪುಟ ಬರೆದೋ, ಧ್ವನಿ ಸಂದೇಶದಲ್ಲಿ ಹೇಳಿಯೋ ಕಳುಹಿಸಬೇಕು. ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದ ಗೆಳತಿ ಅದನ್ನು ಟೈಪಿಸಿ, ತಿದ್ದಿ, ಪಿಡಿಎಫ್ ಮಾಡಿ ಎಲ್ಲರಿಗೂ ಇ-ಮೇಲ್ ಹಾಕುತ್ತಾರೆ. ಬಂದಿದೆ ಎಂಬ ಸೂಚನೆಯಷ್ಟೇ ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ತಿಪಟೂರಿನ ಬರಹ ಅದರ ಮೊದಲ ಸಂಚಿಕೆಯಾಯಿತು, ಅದಕ್ಕೆ ಬಂದ ಉತ್ತರಗಳು ಗ್ರೂಪಿನಲ್ಲಿ ಬಂದವುಗಳಿಗಿಂತ ಉದ್ದವಾಗಿದ್ದವು. ಹೊಸದಾಗಿ ಬಳಗ ಕಟ್ಟುವವರು ವಾಟ್ಸ್‌ಆ್ಯಪ್ ಗ್ರೂಪನ್ನು ಖಂಡಿತ ಮಾಡಿಕೊಳ್ಳಲಿ, ಐದರಲ್ಲಿ ಮೂರೂವರೆ ಅಂಕಕ್ಕೆ ಅದು ಅರ್ಹ. ಜೊತೆಗೆ ಮೊದಲ ವಾರದಲ್ಲೇ ಪ್ರತಿಯೊಬ್ಬರ ಇ-ಮೇಲ್ ವಿಳಾಸವನ್ನೂ ಬರೆಸಿಕೊಳ್ಳಲಿ.