ಮಂಗರವಳ್ಳಿ: ಹಸಿ ಕಟ್ಟು, ತೊಕ್ಕು, ಹಪ್ಪಳ, ಪುಡಿ, ಮಾತ್ರೆ – ಯಾವುದಕ್ಕೆ ದುಡ್ಡು ಕೊಡಬಹುದು?

ಬೇಲಿ ಮೇಲೆ ತಾನಾಗಿ ಹಬ್ಬುತ್ತಿದ್ದ ಮಂಗರವಳ್ಳಿ ಈಗ ಐದು ರೂಪದಲ್ಲಿ ಮಾರಾಟಕ್ಕಿದೆ. ಬಹಳ ಕಾಲ ಬಳಸಿದ ಮೇಲೆ ಹೇಳುವುದಾದರೆ ಎಳೆಯ ಹಸಿ ಕಾಂಡಕ್ಕೆ ಕೊಟ್ಟ ದುಡ್ಡು ದಂಡವಲ್ಲ, ಹಪ್ಪಳಕ್ಕೂ ಅಡ್ಡಿಯಿಲ್ಲ. ತೊಕ್ಕನ್ನು ಲೇಬಲ್ ಓದಿ ಕೊಳ್ಳಬೇಕು. ಪುಡಿ ಬಹುತೇಕ ನಿರಾಸೆ. ಮಾತ್ರೆ ವೈದ್ಯರು ಹೇಳಿದರೆ ಮಾತ್ರ.

ಸಂದುಬಳ್ಳಿ, ವಜ್ರವಲ್ಲಿ, ತಮಿಳಿನ ಪಿರಂಡೈ, ಹಿಂದಿಯ ಹಡ್‌ಜೋಡ್ ಎಲ್ಲ ಇದೇ. ದ್ರಾಕ್ಷಿಯ ಕುಟುಂಬದ ಬಳ್ಳಿ, ಸಿಸ್ಸಸ್ ಕ್ವಾಡ್ರಾಂಗ್ಯುಲಾರಿಸ್. ಚೌಕಾಕಾರದ ರಸಭರಿತ ಕಾಂಡ, ನಾಲ್ಕು ಏಣು, ಅಲ್ಲಲ್ಲಿ ಗಿಣ್ಣು. ದುಂಡು ಕಾಂಡದ್ದು, ಚಪ್ಪಟೆಯದ್ದು ಕೂಡ ಕಾಣಸಿಗುತ್ತವೆ. ಅಡುಗೆಗೆ ಚೌಕದ್ದನ್ನೇ ತೆಗೆದುಕೊಳ್ಳಿ.

ಈ ಬಳ್ಳಿಯ ವಿಷಯದಲ್ಲಿ ಕೆಟ್ಟ ಅನುಭವ ಆದವರೆಲ್ಲರ ದೂರು ಒಂದೇ: ಕೈ ನವೆ, ಗಂಟಲು ಕೆರೆತ. ಕಾಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಕೆಸುವಿನಲ್ಲಿ ಇರುವಂಥವೇ. ಹಸಿಯಾಗಿ ಒಂದು ಚೂರು ಕಚ್ಚಿದರೂ ನಾಲಗೆ ಚುಚ್ಚುತ್ತದೆ. ಥಾಯ್ಲೆಂಡಿನಲ್ಲಿ ಮೂಲವ್ಯಾಧಿಗೆಂದು ಹಸಿ ತುಂಡನ್ನು ತಿನ್ನುವವರು ಅದನ್ನು ಬಾಳೆಹಣ್ಣಿನೊಳಗೋ ಹುಣಸೆಹಣ್ಣಿನೊಳಗೋ ಹುದುಗಿಸಿ ಅಗಿಯದೆ ನುಂಗುವುದು ಇದೇ ಕಾರಣಕ್ಕೆ. ನಮ್ಮ ಅಡುಗೆಯಲ್ಲಿ ಇದಕ್ಕೆ ಮೂರು ಮದ್ದು: ಎಳೆಯದನ್ನು ಆರಿಸುವುದು, ಎಣ್ಣೆಯಲ್ಲಿ ಚೆನ್ನಾಗಿ ಹುರಿಯುವುದು, ಹುಣಸೆಹುಳಿ ಧಾರಾಳವಾಗಿ ಹಾಕುವುದು. ಮೂರರಲ್ಲಿ ಒಂದು ತಪ್ಪಿದರೂ ಚಟ್ನಿ ಎಸೆಯಬೇಕಾಗುತ್ತದೆ.

ಹಸಿ ಕಟ್ಟು ಕೊಳ್ಳುವಾಗ ತುದಿಯ ಮೂರು ನಾಲ್ಕು ಗಿಣ್ಣು ಮಾತ್ರ ನೋಡಿ. ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ಮುರಿದ ಮೇಲೂ ನಾರು ಹಿಡಿದುಕೊಂಡು ಜೋತಾಡಿದರೆ ಅದು ಬಲಿತದ್ದು, ಎಷ್ಟು ಹುರಿದರೂ ಬಾಯಿಗೆ ನಾರು ಸಿಗುತ್ತದೆ. ಸೊಪ್ಪಿನವರು ಕಟ್ಟಿನ ಹೊರಗೆ ಎಳೆಯದನ್ನಿಟ್ಟು ಒಳಗೆ ಬಲಿತದ್ದು ಸೇರಿಸಿರುತ್ತಾರೆ, ಬಿಚ್ಚಿ ನೋಡಿ.

ಬಿಡಿಸುವ ಮೊದಲು ಎರಡೂ ಕೈಗೆ ಮುಂಗೈವರೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಗಿಣ್ಣಿನ ಎರಡೂ ಕಡೆ ಸ್ವಲ್ಪ ಬಿಟ್ಟು ಕತ್ತರಿಸಿ ಗಿಣ್ಣನ್ನು ಬಿಸಾಡಿ, ಅಲ್ಲಿ ನಾರು ಹೆಚ್ಚು. ನಾಲ್ಕೂ ಏಣಿನ ನಾರನ್ನು ಹುರುಳಿಕಾಯಿ ನಾರು ತೆಗೆದಂತೆ ಎಳೆದು, ಬೆರಳಗಲ ತುಂಡು ಮಾಡಿ. 200 ಗ್ರಾಂ ತುಂಡಿಗೆ 3 ದೊಡ್ಡ ಚಮಚ ಎಳ್ಳೆಣ್ಣೆ ಬೇಕು. ಎಣ್ಣೆಗೆ ಜಿಪುಣತನ ಮಾಡಿದವರಿಗೇ ಗಂಟಲು ಕೆರೆಯುವುದು. ಸಣ್ಣ ಉರಿಯಲ್ಲಿ 10–12 ನಿಮಿಷ. ಮೊದಲು ನೀರು ಬಿಟ್ಟುಕೊಂಡು ಚಟಪಟ ಸಿಡಿಯುತ್ತದೆ, ಆಮೇಲೆ ಸದ್ದು ಇಳಿಯುತ್ತದೆ, ಹಸಿರು ಹೋಗಿ ಕಂದು ತಿರುಗುತ್ತದೆ, ತುಂಡು ಅರ್ಧಕ್ಕೆ ಕುಗ್ಗಿ ಅಂಚು ಸುಕ್ಕಾಗುತ್ತದೆ. ಹಸಿರು ಇನ್ನೂ ಉಳಿದಿದ್ದರೆ ಒಲೆ ಆರಿಸಬೇಡಿ. ಕುಕ್ಕರಿನಲ್ಲಿ ಬೇಯಿಸಿ ರುಬ್ಬುವ ಸುಲಭದ ದಾರಿ ಹಿಡಿದರೆ ಲೋಳೆಯೂ ಉಳಿಯುತ್ತದೆ, ಕೆರೆತವೂ ಉಳಿಯುತ್ತದೆ.

ಅದೇ ಬಾಣಲೆಯಲ್ಲಿ 2 ಚಮಚ ಉದ್ದಿನಬೇಳೆ, 1 ಚಮಚ ಕಡಲೆಬೇಳೆ, 6 ಬ್ಯಾಡಗಿ, 2 ಗುಂಟೂರು ಮೆಣಸಿನಕಾಯಿ, ಇಂಗು ಹುರಿದುಕೊಳ್ಳಿ. ಸಣ್ಣ ನಿಂಬೆಗಾತ್ರದ ಹುಣಸೆಹಣ್ಣು, ಉಪ್ಪು, ಗೋಲಿಯಷ್ಟು ಬೆಲ್ಲ ಸೇರಿಸಿ ತರಿತರಿಯಾಗಿ ರುಬ್ಬಿ ಸಾಸಿವೆ ಒಗ್ಗರಣೆ ಕೊಟ್ಟರೆ ಬಿಸಿ ಅನ್ನಕ್ಕೆ, ದೋಸೆಗೆ ಸರಿಯಾದ ಚಟ್ನಿ. ಕಾಯಿತುರಿ ಹಾಕಿದರೆ ರುಚಿ ಮೃದುವಾಗುತ್ತದೆ, ಆದರೆ ಎರಡು ದಿನಕ್ಕಿಂತ ಇಡಬೇಡಿ. ಕಾಯಿ ಇಲ್ಲದ್ದು ಫ್ರಿಜ್‌ನಲ್ಲಿ ವಾರ ಇರುತ್ತದೆ.

ಬಾಟಲಿ ತೊಕ್ಕಿನ ಗುಟ್ಟು ಲೇಬಲ್ಲಿನಲ್ಲಿದೆ. ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಮಂಗರವಳ್ಳಿ ಮೊದಲ ಎರಡು ಹೆಸರಿನೊಳಗೆ ಇಲ್ಲದಿದ್ದರೆ ಅದು ಹುಣಸೆ ತೊಕ್ಕು, ಅಷ್ಟೇ. ಎಳ್ಳೆಣ್ಣೆಯ ಬದಲು ತಾಳೆ ಎಣ್ಣೆ ಬಳಸಿದ್ದು ಮುಚ್ಚಳ ತೆಗೆದಾಗಲೇ ಮೂಗಿಗೆ ಗೊತ್ತಾಗುತ್ತದೆ.

ಹಪ್ಪಳದ ಕಥೆ ಬೇರೆ. ಉದ್ದಿನ ಹಿಟ್ಟನ್ನು ಮಂಗರವಳ್ಳಿ ರಸದಲ್ಲಿ ಕಲಸುವುದು ಹಳೆಯ ಪದ್ಧತಿ. ಎಳೆ ಕಾಂಡ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಉಪ್ಪು–ಇಂಗು ಹಾಕಿ ಕುದಿಸಿ ಆರಿಸಿದ ರಸದಲ್ಲಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಎಣ್ಣೆ ಹಚ್ಚಿ ಕುಟ್ಟುತ್ತಾರೆ. ಸೋಸುವಾಗ ನಾರು ಉಳಿದರೆ ಲಟ್ಟಿಸುವಾಗ ಅಂಚು ಬಿರಿಯುತ್ತದೆ. ಕರಿದಾಗ ಹಗುರ, ಕೊನೆಗೆ ನಾಲಗೆ ಮೇಲೆ ಒಂದಿಷ್ಟು ಒಗರು. ಅಂಗಡಿಯದ್ದರಲ್ಲಿ ಆ ಒಗರೇ ಇಲ್ಲವೆಂದರೆ ಬರೀ ಹೆಸರಿಗೆ ಮಂಗರವಳ್ಳಿ.

ತಮಿಳು ಬ್ರಾಹ್ಮಣರ ಮನೆಗಳಲ್ಲಿ ಇದರ ತೊಗೆಯಲ್ (ಗಟ್ಟಿ ಚಟ್ನಿ) ಶ್ರಾದ್ಧದಡುಗೆಯ ಭಾಗ. ಶ್ರಾದ್ಧಕ್ಕೆ ಹಾಗಲ ನೂರು ತರಕಾರಿಗೆ ಸಮ, ಮಂಗರವಳ್ಳಿ ಮುನ್ನೂರಕ್ಕೆ, ಹಲಸು ಆರುನೂರಕ್ಕೆ ಎಂಬ ಲೆಕ್ಕದ ಶ್ಲೋಕವೊಂದು ಬಾಯಿಂದ ಬಾಯಿಗೆ ಬಂದಿದೆ. ಹಲಸಿನ ಮುಂದೆ ಸೋತರೂ ಹಾಗಲವನ್ನು ಸುಲಭವಾಗಿ ಹಿಂದಿಕ್ಕಿದೆ!

ಪುಡಿಗೆ ಬರೋಣ. ಒಣಗಿದರೆ ಹರಳು ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಹಾಗಾಗಿ ‘ಬಿಸಿನೀರಿಗೆ ಒಂದು ಚಮಚ ಹಾಕಿ ಕುಡಿಯಿರಿ’ ಎಂಬ ಪೊಟ್ಟಣದ ಸೂಚನೆ ಪಾಲಿಸಿದರೆ ಗಂಟಲು ಹಿಡಿಯುವುದು ಸಹಜ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಪುಡಿ ಇದ್ದುದರಲ್ಲಿ ವಾಸಿ. ಕಂದು ಬಣ್ಣಕ್ಕೆ ತಿರುಗಿ ಒಣಹುಲ್ಲಿನ ವಾಸನೆ ಬರುವುದು ಹಳತು. ಚಿಟಿಕೆ ಪುಡಿಯನ್ನು ನೀರಲ್ಲಿ ಕಲಸಿ ಬೆರಳಲ್ಲಿ ಉಜ್ಜಿ, ನಾರಿನ ಎಳೆ ಸಿಕ್ಕಿದರೆ ಬಲಿತ ಕಾಂಡವನ್ನೇ ಬೀಸಿದ್ದಾರೆ. ಕೊಂಡಾಗಿದ್ದರೆ ತುಪ್ಪದಲ್ಲಿ ಹುರಿದು ಚಟ್ನಿಪುಡಿಗೆ ಬೆರೆಸುವುದೊಂದೇ ದಾರಿ.

ಇನ್ನು ಮಾತ್ರೆ, ಅದು ಮೂಳೆ ಕೂಡಿಸುತ್ತದೆಂಬ ಮಾತು. ಆಯುರ್ವೇದದಲ್ಲಿ ಇದು ಅಸ್ಥಿಸಂಹಾರ. ಲಾಕ್ಷಾದಿ ಗುಗ್ಗುಳು ಎಂಬ ಮಾತ್ರೆಯಲ್ಲಿ ಅರಗು, ಹೊಳೆಮತ್ತಿ, ಅಶ್ವಗಂಧ, ನಾಗಬಲದ ಜೊತೆ ಸೇರುತ್ತದೆ. ಕರಾವಳಿಯಿಂದ ಹೋಗಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ ಶಸ್ತ್ರವೈದ್ಯ ಕೆ.ಎನ್. ಉಡುಪ ಅವರು ಜಿ.ಸಿ. ಪ್ರಸಾದ್ ಜೊತೆ 1960ರ ದಶಕದ ಮೊದಲ ಭಾಗದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಮುರಿದ ಮೂಳೆ ಕೂಡುವುದು ಚುರುಕಾಯಿತೆಂದು ಪ್ರಕಟಿಸಿದರು. ಜಾಹೀರಾತಿನವರು ಈ ಪ್ರಯೋಗವನ್ನೇ ಹಿಗ್ಗಿಸಿ ಮಾರುತ್ತಾರೆ. ಮೂಳೆ ಜಾಗಕ್ಕೆ ಕೂರದೆ ಬೇಗ ಕೂಡಿದರೆ ಸೊಟ್ಟಗೆ ಕೂಡುತ್ತದೆ. ಎಕ್ಸ್‌ರೇ, ಪಟ್ಟಿ ಆಗಲೇಬೇಕು. ಮೂಲವ್ಯಾಧಿಗೆ ಥಾಯ್ಲೆಂಡಿನಲ್ಲಿ 2010ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಈ ಮದ್ದಿಗೂ ಔಷಧಿಯೇ ಇಲ್ಲದ ಹುಸಿಮಾತ್ರೆಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬಾಯಿರುಚಿ ಕೆಟ್ಟಾಗ, ಊಟ ಸೇರದಾಗ ಚಟ್ನಿಯಾಗಿ ತಿನ್ನಲು ಮಾತ್ರ ಯಾರ ಶಿಫಾರಸೂ ಬೇಡ.

ಆದರೆ ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾದವರು ಯಾವ ರೂಪದಲ್ಲೂ ಮುಟ್ಟಬಾರದು. ಹುರಿದರೂ ಆಕ್ಸಲೇಟ್ ಪೂರ್ತಿ ಹೋಗುವುದಿಲ್ಲ. ಬಸುರಿಯರು ಬಿಡುವುದು ಕ್ಷೇಮ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಮಾತ್ರೆ ಶುರುಮಾಡುವ ಮೊದಲು ವೈದ್ಯರನ್ನು ಕೇಳಿ.

ಕಟ್ಟು ಕೊಳ್ಳುವ ಗೋಜೇ ಬೇಡವೆಂದರೆ ಎರಡು ಗಿಣ್ಣಿನ ಒಂದು ತುಂಡು ಸಾಕು. ಕೊಯ್ದ ಬಾಯಿ ಒಣಗಲು ಒಂದೆರಡು ದಿನ ನೆರಳಲ್ಲಿಟ್ಟು, ಮರಳು ಬೆರೆಸಿದ ಮಣ್ಣಿನಲ್ಲಿ ಒಂದು ಗಿಣ್ಣು ಮುಚ್ಚುವಂತೆ ನೆಡಿ. ಮಣ್ಣು ಒಣಗಿದ ಮೇಲೆಯೇ ನೀರು. ದಿನಾ ಹೊಯ್ದರೆ ಬುಡ ಕೊಳೆಯುತ್ತದೆ. ಬಾಲ್ಕನಿ ಸರಳಿಗೆ ತಾನೇ ಕುಡಿಬಳ್ಳಿ ಸುತ್ತಿ ಏರುತ್ತದೆ, ತುದಿ ಚಿವುಟಿದಷ್ಟೂ ಪಕ್ಕದಲ್ಲಿ ಹೊಸ ಎಳೆಕಾಂಡ ಒಡೆಯುತ್ತದೆ. ಚಿವುಟುವಾಗಲೂ ಕೈಗೆ ಎಣ್ಣೆ ಮರೆಯಬೇಡಿ.