ಆಟಗಾರರಿಗೆ ಯಾವುದು ಸರಿ: ಆರೋಗ್ಯ ವಿಮೆಯೋ, ಅಪಘಾತ ವಿಮೆಯೋ?

ಫುಟ್‌ಬಾಲ್ ಆಡುವಾಗ ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು ಅಂದುಕೊಳ್ಳಿ. ಆರೋಗ್ಯ ವಿಮೆ ಇದ್ದರೆ ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ಬಿಲ್ಲು ಅದರ ಪಾಲಿಗೆ. ಆದರೆ ನಿಜವಾದ ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ಮತ್ತೆ ಮೈದಾನಕ್ಕಿಳಿಯಲು ಸಾಮಾನ್ಯವಾಗಿ 9 ತಿಂಗಳಾದರೂ ಬೇಕು. ಅದರಲ್ಲಿ ಬಹುಪಾಲು ಫಿಸಿಯೋಥೆರಪಿಯದ್ದೇ ಓಡಾಟ. ಈ ಖರ್ಚಿಗೆ ಅನೇಕ ಪಾಲಿಸಿಗಳು ಮಿತಿ ಹಾಕಿರುತ್ತವೆ. ಕೊಳ್ಳುವ ಮುಂಚೆ ನಾನು ಮೊದಲು ಹುಡುಕುವ ಸಾಲು ಇದೇ.

ವೈಯಕ್ತಿಕ ಅಪಘಾತ ವಿಮೆಯ ರೀತಿಯೇ ಬೇರೆ. ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಇಡುಗಂಟು ಕೊಡುತ್ತದೆ. ತಾತ್ಕಾಲಿಕ ಅಂಗವೈಕಲ್ಯದ ಸೌಲಭ್ಯ ಸೇರಿಸಿಕೊಂಡಿದ್ದರೆ, ಕೆಲಸಕ್ಕೆ ಹೋಗಲಾಗದ ಅವಧಿಗೆ ವಾರಕ್ಕಿಷ್ಟು ಎಂದು ಹಣ ಬರುತ್ತದೆ. ದುಡಿದರಷ್ಟೇ ಆದಾಯ ಎನ್ನುವವರು ಇದನ್ನು ಬಿಡಲೇಬಾರದು. ಕೊರತೆಯೂ ಇದೆ: ಅಪಘಾತ ಎಂದರೆ ಹಠಾತ್ತನೆ ಆದದ್ದು. ಓಡಿ ಓಡಿ ಕಾಲಿನ ಮೂಳೆಯಲ್ಲಿ ನಿಧಾನಕ್ಕೆ ಬಿಟ್ಟ ಬಿರುಕು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುವುದಿಲ್ಲ.

ಕ್ಲಬ್ಬಿನ ಗುಂಪು ವಿಮೆ ಅಗ್ಗ, ಆದರೆ ಹೆಚ್ಚಾಗಿ ಕ್ಲಬ್ಬಿನ ಪಂದ್ಯ, ಅಭ್ಯಾಸದ ಹೊತ್ತಿಗಷ್ಟೇ ಸೀಮಿತ.

ಹವ್ಯಾಸಕ್ಕೆ ಆಡುವವರು ಮೊದಲು ಆರೋಗ್ಯ ವಿಮೆ ಮಾಡಿಸಿ, ಕೈಲಾದರೆ ಅಪಘಾತ ವಿಮೆ ಸೇರಿಸಿಕೊಳ್ಳಿ. ಸ್ಕೂಬಾ, ಪ್ಯಾರಾಗ್ಲೈಡಿಂಗ್, ಪರ್ವತಾರೋಹಣದವರು ಎರಡರಲ್ಲೂ ಹೊರಗಿಟ್ಟವುಗಳ ಪಟ್ಟಿ ಓದಲೇಬೇಕು. ವೃತ್ತಿಪರ ಕ್ರೀಡೆಯನ್ನೂ ಆ ಪಟ್ಟಿಗೆ ಸೇರಿಸಿರುವುದುಂಟು. ಬಹುಮಾನದ ಹಣ ಪಡೆದರೆ ನಿಮ್ಮನ್ನು ವೃತ್ತಿಪರರೆಂದು ಎಣಿಸುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.